ಹಿತ್ತಲ ಬೇಲಿಗೆ ಗಿಡ ಹತ್ತಿಸುವುದು: ಗೋವಾದ ಕನ್ನಡ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಡಗಾಂವ್‌ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ಮೂರು ಬಗೆಯ ಬೇಲಿ. ಒಂದು ಬದಿಗೆ ಹಳೆಯ ಚಿರೆಕಲ್ಲಿನ (ಜಂಬಿಟ್ಟಿಗೆಯ) ಪಾಗಾರ, ಅಂದರೆ ಕಲ್ಲಿನ ಆವರಣ ಗೋಡೆ, ಹಿಂಬದಿಗೆ ತಂತಿಯ ಜಾಲರಿ, ಇನ್ನೊಂದು ಬದಿಗೆ ನೆರೆಯವರು ನಿಲ್ಲಿಸಿದ ಸಿಮೆಂಟ್ ಹಲಗೆಯ ಕಂಪೌಂಡ್. ಮೂರಕ್ಕೂ ಗಿಡ ಹತ್ತಿಸಿ ನೋಡಿದ್ದೇನೆ. ಎರಡು ಕಡೆ ಹಸಿರು ನಿಂತಿತು, ಒಂದು ಕಡೆ ದಂಡ ತೆತ್ತೆ. ಕುಮಟಾ, ಕಾರವಾರ, ಧಾರವಾಡ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಪರಿಚಿತರು ಹಿತ್ತಲಿಗೆ ಕಾಲಿಟ್ಟಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳು ಗೋವಾದ ಮಳೆಗೆ, ಉಪ್ಪುಗಾಳಿಗೆ ಹೊಂದಿದವು. ಧಾರವಾಡದ ಹಿತ್ತಲಿಗೆ ಹಾಗೆಯೇ ಒಯ್ಯಬೇಡಿ.

ವರ್ಟಿಕಲ್ ಗಾರ್ಡನ್, ಅಂದರೆ ಹೀಗೆ ಗೋಡೆಗೆ, ಬೇಲಿಗೆ ಗಿಡ ಹತ್ತಿಸುವುದು, ದೊಡ್ಡ ಹೋಟೆಲುಗಳ ಅಲಂಕಾರವಲ್ಲವೇ? ನಮ್ಮಂಥವರ ಮನೆಗೆ ಅದೇಕೆ?

ಹೋಟೆಲಿನ ಗೋಡೆಯಲ್ಲಿ ಕಾಣುವ ಬಗೆಗೆ ಹೆಸರು ತಂದುಕೊಟ್ಟವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಅದಕ್ಕೂ ಬಹಳ ಮೊದಲೇ, 1938ರಲ್ಲಿ, ಅಮೆರಿಕದ ಸ್ಟಾನ್ಲಿ ಹಾರ್ಟ್ ವೈಟ್ ಎಂಬ ಪ್ರಾಧ್ಯಾಪಕರು ಗಿಡ ಹೊತ್ತು ನಿಲ್ಲುವ ಗೋಡೆಗೆ ಪೇಟೆಂಟ್ ಪಡೆದಿದ್ದರು. ನಮ್ಮ ಅಜ್ಜಿಯರು ಯಾವ ಪೇಟೆಂಟನ್ನೂ ಕೇಳದೆ ಬಚ್ಚಲ ನೀರು ಹರಿಯುವಲ್ಲಿ ಬಸಳೆ ನೆಟ್ಟು ಅಡಿಕೆ ದಬ್ಬೆಯ ಚಪ್ಪರಕ್ಕೆ ಹಬ್ಬಿಸಿದರು. ಆ ಚಪ್ಪರವನ್ನು ಎತ್ತಿ ಬೇಲಿಗೆ ಒರಗಿಸಿದಂತೆ ಭಾವಿಸಿಕೊಳ್ಳಿ. ಈ ಕೆಲಸ ಅಷ್ಟೇ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಬೇಲಿಗೆ ಹಸಿರು ತರಲು ಎರಡು ದಾರಿ. ಬೇರು ನೆಲದಲ್ಲಿದ್ದು ಬಳ್ಳಿ ಮೇಲೇರುವುದು ಒಂದು. ಬೇರೂ ಮಣ್ಣೂ ಸಮೇತ ಗಿಡವೇ ಗಾಳಿಯಲ್ಲಿ ತೂಗುವುದು ಇನ್ನೊಂದು. ಅಂಗಡಿಯವರು ಮಾರುವುದು ಎರಡನೆಯದನ್ನು. ನಾನು ಹತ್ತರಲ್ಲಿ ಎಂಟು ಮನೆಗಳಿಗೆ ಹೇಳುವುದು ಮೊದಲನೆಯದನ್ನು. ಬೇಲಿಯ ಬುಡದಲ್ಲಿ ಒಂದಡಿ ಅಗಲದ ಮಡಿ, ಅದರಿಂದ ಏರುವ ಬಳ್ಳಿ, ಕಣ್ಣಿನ ಎತ್ತರದಲ್ಲಿ ಮಾತ್ರ ಎರಡು ಸಾಲು ಕುಂಡ. ಬಳ್ಳಿಗೆ ಒಂದು ದಿನ ನೀರು ತಪ್ಪಿದರೆ ಬೇರು ಆಳದಲ್ಲಿ ಹುಡುಕಿಕೊಳ್ಳುತ್ತದೆ. ಚೀಲದಲ್ಲಿ ತೂಗುವ ಗಿಡಕ್ಕೆ ಆ ಸೌಕರ್ಯವಿಲ್ಲ.

ನಮ್ಮ ಬೇಲಿ ಅಷ್ಟು ಭಾರ ತಡೆಯುತ್ತದೆಯೇ?

ಲೆಕ್ಕ ಹಾಕಿ ನೋಡಿ. ಮೂರು ಲೀಟರ್ ಮಣ್ಣು ಹಿಡಿಯುವ ಒಂದು ಚೀಲ, ನೀರುಂಡ ಮೇಲೆ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ನಲವತ್ತು ಚೀಲವೆಂದರೆ ನೂರಿಪ್ಪತ್ತರಿಂದ ನೂರರವತ್ತು ಕಿಲೋ, ಅಂದರೆ ಇಬ್ಬರು ದೊಡ್ಡವರು ಹಗಲೂ ರಾತ್ರಿ ಬೇಲಿಗೆ ಜೋತುಬಿದ್ದಂತೆ. ಚೀಲದ ಬದಲು ಗಿಡ ನೆಡಲು ಬಳಸುವ ನಾಲ್ಕಿಂಚಿನ ಪಿವಿಸಿ ಪೈಪು ಮೀಟರಿಗೆ ಎಂಟು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಇದರ ಮೇಲೆ ಗಾಳಿ ಬೇರೆ. ಎಲೆ ತುಂಬಿದ ಬೇಲಿ ಜೂನ್ ತಿಂಗಳ ಗಾಳಿಗೆ ದೋಣಿಯ ಹಾಯಿಯಂತೆ ಉಬ್ಬುತ್ತದೆ. ಜಾಲರಿಯ ಕಂಬ ವಾಲುವುದು ಸಾಮಾನ್ಯವಾಗಿ ಗಾಳಿಯಿಂದಲೇ, ಮಣ್ಣಿನ ಭಾರದಿಂದಲ್ಲ.

ಚಿರೆಕಲ್ಲಿನ ಪಾಗಾರ ಭಾರ ಹೊರುತ್ತದೆ, ಆದರೆ ಕಲ್ಲು ಮೆದು. ಮೊಳೆ ಹೊಡೆದ ಜಾಗ ಎರಡು ಮಳೆಗಾಲಕ್ಕೆ ಪುಡಿಯಾಗಿ ಉದುರುತ್ತದೆ. ತಂತಿಯ ಜಾಲರಿ ಬಳ್ಳಿಗೆ ಹೇಳಿ ಮಾಡಿಸಿದ್ದು, ಕುಂಡಗಳಿಗೆ ಸಲ್ಲದು. ಕಂಬಗಳ ನಡುವೆ ಜಾರಿಸಿ ನಿಲ್ಲಿಸುವ ಸಿಮೆಂಟ್ ಹಲಗೆಯ ಕಂಪೌಂಡಿಗೆ ಮಾತ್ರ ಏನನ್ನೂ ತೂಗಹಾಕಬೇಡಿ. ಆ ಹಲಗೆ ತನ್ನ ಭಾರಕ್ಕೆ ತಾನು ನಿಲ್ಲುವಷ್ಟೇ ದಪ್ಪ. ನಾನು ದಂಡ ತೆತ್ತದ್ದು ಇಲ್ಲೇ. ಫೆಲ್ಟ್ ಬಟ್ಟೆಯ ಚೀಲ ಮಾರಿದವನು ‘ಯಾವ ಗೋಡೆಗೂ ಆಗುತ್ತದೆ’ ಎಂದ, ನಾನು ನಂಬಿದೆ. ಹಲಗೆಗೆ ರಂಧ್ರ ಕೊರೆಸಿ ಸ್ಕ್ರೂ ಬಿಗಿಸಿದೆ. ಜುಲೈ ತಿಂಗಳ ಒಂದು ರಾತ್ರಿ ಮೇಲಿನ ಹಲಗೆ ರಂಧ್ರದಿಂದ ರಂಧ್ರಕ್ಕೆ ಗೆರೆ ಎಳೆದಂತೆ ಸೀಳಿತು. ಬೇಲಿ ನೆರೆಯವರದು, ಹಣ ನನ್ನದು.

ಹಾಗಾದರೆ ಉಪಾಯವೇನು?

ಬೇಲಿಗೆ ಭಾರವನ್ನೇ ಕೊಡಬೇಡಿ. ತನ್ನ ಕಾಲ ಮೇಲೆ ತಾನು ನಿಲ್ಲುವ ಚೌಕಟ್ಟು ಮಾಡಿಸಿ, ಕಾಲುಗಳನ್ನು ಒಂದೂವರೆ ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂಳಿ. ಎತ್ತರ ಆರಡಿ ಸಾಕು. ಅದಕ್ಕಿಂತ ಮೇಲಿನ ಗಿಡಕ್ಕೆ ಏಣಿ ಬೇಕು, ಏಣಿ ಬೇಕಾದ ಗಿಡವನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಚೌಕಟ್ಟಿಗೂ ಬೇಲಿಗೂ ನಡುವೆ ಎಷ್ಟು ಅಂತರ ಬೇಕು?

ಅಂಗೈ ಅಗಲ, ಅಂದರೆ ಮೂರರಿಂದ ನಾಲ್ಕು ಇಂಚು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಗಾಳಿಯಾಡದೆ ಹಸಿ ಮಣ್ಣು ಅದಕ್ಕೆ ಆತುಕೊಂಡರೆ ಹಾವಸೆ ಕಟ್ಟುತ್ತದೆ, ಸಂದಿನ ಗಾರೆ ಸಡಿಲುತ್ತದೆ. ಅಂತರವಿದ್ದರೆ ಪೊರಕೆಯೂ ಹೋಗುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ. ಇನ್ನು ಆ ಪಾಗಾರ ನಿಮ್ಮ ಮನೆಯ ಗೋಡೆಯೇ ಆಗಿದ್ದರೆ ಆ ಬದಿಯನ್ನು ಬಿಟ್ಟುಬಿಡಿ. ಮಲಗುವ ಕೋಣೆಗೆ ತೇವ ತರಿಸಿಕೊಂಡು ಹೊರಗೆ ಹಸಿರು ನೋಡುವುದರಲ್ಲಿ ಅರ್ಥವಿಲ್ಲ.

ಚೌಕಟ್ಟಿಗೆ ಯಾವುದು ಒಳ್ಳೆಯದು: ಮರವೇ, ಬಿದಿರೇ, ಕಬ್ಬಿಣವೇ?

ಬಿದಿರು ಕಣ್ಣಿಗೆ ಚೆಂದ, ನೆಲಕ್ಕೆ ತಾಗಿದರೆ ಎರಡು ಮಳೆಗಾಲದ ಆಯುಷ್ಯ. ಅಡಿಕೆ ದಬ್ಬೆಯೂ ಹಾಗೆಯೇ. ಆದರೆ ಊರಿನಿಂದ ಬರುವಾಗ ನಾಲ್ಕು ದಬ್ಬೆ ತಂದರೆ ಬಳ್ಳಿ ಹಬ್ಬಲು ಅದರಷ್ಟು ಅಗ್ಗದ್ದು ಇಲ್ಲ, ಕೆಟ್ಟರೆ ಬದಲಾಯಿಸಬಹುದು. ಮತ್ತಿ ಗೋವಾದ ರಾಜ್ಯವೃಕ್ಷ, ಅದರ ಮರ ಗಟ್ಟಿ. ಹಳೆಯ ಮನೆ ಕೆಡವಿದಲ್ಲಿ ಮತ್ತಿಯ ಅಥವಾ ಸಾಗವಾನಿಯ ತೊಲೆ ಸಿಕ್ಕರೆ ಬಿಡಬೇಡಿ.

ಕಬ್ಬಿಣದ ಮಾತಿಗೆ ಬಂದರೆ ನಿಮ್ಮ ಮನೆಯಿಂದ ಸಮುದ್ರ ಎಷ್ಟು ದೂರ ಎಂಬುದು ಮುಖ್ಯ. ಫೋಂಡಾ ಕಡೆ ಸತು ಲೇಪಿಸಿದ ಜಿ.ಐ. ಪೈಪು ವರ್ಷಗಟ್ಟಲೆ ಬಾಳುತ್ತದೆ. ವಾಸ್ಕೋದಲ್ಲಿ, ಕೊಲ್ವಾದ ತೆಂಗಿನ ಸಾಲಿನ ಹಿಂದೆ, ಅದೇ ಪೈಪಿನ ವೆಲ್ಡಿಂಗ್ ಜಾಗ ಮೊದಲ ಮಳೆಗೇ ಕೆಂಪಾಗುತ್ತದೆ. ಬೆಸುಗೆಯ ಬಿಸಿಗೆ ಅಲ್ಲಿನ ಸತು ಸುಟ್ಟುಹೋಗಿರುವುದೇ ಕಾರಣ. ಬೆಸುಗೆ ಹಾಕಿಸಿದ ದಿನವೇ ಆ ಜಾಗಕ್ಕೆ ಸತುವಿನ ಪ್ರೈಮರ್ ಬಳಿಸಿ, ಇಲ್ಲವೇ ಬೋಲ್ಟ್ ಹಾಕಿ ಜೋಡಿಸಿ.

ನಮ್ಮ ಬೇಲಿ ದಕ್ಷಿಣಕ್ಕಿದೆ, ಬಿಸಿಲು ಚೆನ್ನಾಗಿ ಬೀಳುತ್ತದೆ ಅಲ್ಲವೇ?

ಎಲ್ಲರೂ ಎಡವುವ ಜಾಗ ಇದು. ಹಿತ್ತಲಿನ ದಕ್ಷಿಣ ಅಂಚಿಗಿರುವ ಪಾಗಾರದ ಒಳಮುಖ ನೋಡುವುದು ಉತ್ತರಕ್ಕೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಆ ಮುಖ ಪಾಗಾರದ ನೆರಳಲ್ಲೇ ಇರುತ್ತದೆ. ಅಲ್ಲಿ ಮೆಂತ್ಯ ಬಿತ್ತಿದರೆ ಕಡ್ಡಿಯಂತೆ ಉದ್ದವಾಗಿ ಅಡ್ಡ ಬೀಳುತ್ತದೆ. ಫರ್ನ್, ವೀಳ್ಯದೆಲೆ, ಸಿಂಗೋನಿಯಂ ಅಲ್ಲಿಗೆ ಸರಿ.

ಗೋವಾ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ನಡುವಿನವರೆಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅಂದರೆ ಚಳಿಗಾಲವಿಡೀ ನೆರಳುಂಡ ಆ ಫರ್ನಿಗೆ ಮೇ ತಿಂಗಳಲ್ಲಿ ನೇರ ಬಿಸಿಲು ಬಡಿಯುತ್ತದೆ. ನಮ್ಮದು ಮೊದಲ ವರ್ಷ ಸುಟ್ಟು ಕಂದಿದ್ದು ಹೀಗೆ. ನೀರು ಸಾಲದಾಯಿತೆಂದು ನಾನು ಇನ್ನಷ್ಟು ಸುರಿದು ಬೇರನ್ನೂ ಕೊಳೆಸಿದೆ. ಈಗ ಏಪ್ರಿಲ್ ಕೊನೆಗೆ ಹಸಿರು ನೆರಳು ಬಲೆ ಕಟ್ಟುತ್ತೇನೆ, ಮಳೆ ಹಿಡಿದ ಮೇಲೆ ಬಿಚ್ಚುತ್ತೇನೆ.

ಪಶ್ಚಿಮದ ಬಿಸಿಲು ಬೀಳುವ ಮುಖಕ್ಕೆ ಹತ್ತುಗಂಟೆ ಹೂವು, ನಿತ್ಯಪುಷ್ಪ, ಶಂಖಪುಷ್ಪ ಇಂಥ ಗಟ್ಟಿಗರೇ ಬೇಕು. ಬೆಳಗಿನ ಬಿಸಿಲು ಸಿಗುವ ಮುಖ ನಿಮ್ಮದಾಗಿದ್ದರೆ ಪುಣ್ಯವಂತರು, ಏನನ್ನಾದರೂ ಬೆಳೆಯಿರಿ.

ಮಳೆಗಾಲದಲ್ಲಿ ಈ ತೋಟದ ಗತಿ ಏನು?

ಬೇರೆ ಊರಿನವರು ಬರೆದ ಸಲಹೆಗಳೆಲ್ಲ ಇಲ್ಲಿಗೆ ಬಂದು ನಿಂತುಬಿಡುತ್ತವೆ. ಗೋವಾಕ್ಕೆ ವರ್ಷಕ್ಕೆ ಬೀಳುವುದು ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳು ಬಹುತೇಕ ಒಣ. ಒಂದೇ ಬೇಲಿಯಲ್ಲಿ ನೀವು ಸಾಕಬೇಕಾದದ್ದು ಎರಡು ತೋಟ. ಈ ಮಾತನ್ನು ಒಪ್ಪಿಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಮಳೆ ಹಿಡಿದಾಗ ಚಿಕ್ಕ ಕುಂಡದಲ್ಲಿ ಎರಡು ಸಂಗತಿ ನಡೆಯುತ್ತವೆ. ಮಣ್ಣಿನೊಳಗಿನ ಗಾಳಿಯ ಜಾಗವನ್ನೆಲ್ಲ ನೀರು ಆಕ್ರಮಿಸಿ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಅದರ ಜೊತೆಗೆ ಸಾರಜನಕ ತೊಳೆದುಹೋಗುತ್ತದೆ. ಆಗಸ್ಟಿನಲ್ಲಿ ಕೆಳಗಿನ ಎಲೆಗಳು ಹಳದಿಯಾಗುವುದು ಹೆಚ್ಚಾಗಿ ಇದರಿಂದ. ರೋಗವೆಂದು ಔಷಧ ಹುಡುಕಬೇಡಿ, ಮಳೆ ಬಿಟ್ಟ ವಾರ ಒಂದೊಂದು ಹಿಡಿ ಎರೆಗೊಬ್ಬರ ಕೊಡಿ.

ಆದ್ದರಿಂದ ಕುಂಡಗಳನ್ನು ಚೌಕಟ್ಟಿಗೆ ಕಾಯಂ ಆಗಿ ಬಿಗಿಯಬೇಡಿ, ಕೊಕ್ಕೆಗೆ ತೂಗಹಾಕಿ. ಮೇ ಕೊನೆಯ ವಾರ ಕೊತ್ತಂಬರಿ, ಮೆಂತ್ಯ, ಪೆಟೂನಿಯಾ ಹೇಗಿದ್ದರೂ ಮುಗಿದಿರುತ್ತವೆ. ದೊಡ್ಡಪತ್ರೆ, ಲೋಳೆಸರ, ಹತ್ತುಗಂಟೆ ಹೂವನ್ನು ಇಳಿಸಿ ಮನೆಯ ಮಾಡಿನ ಕೆಳಗೆ, ಹನಿ ಬೀಳದಲ್ಲಿ ಇಡಿ. ಖಾಲಿಯಾದ ಚೌಕಟ್ಟಿನ ಬುಡದಲ್ಲಿ ಹೀರೆ, ಪಡವಲ, ಹಾಗಲ ಊರಿ. ಚೌಕಟ್ಟೇ ಚಪ್ಪರವಾಗುತ್ತದೆ. ಮೊದಲ ಮಳೆಗೆ ಊರಿದ ಹೀರೆ ಚೌತಿಯ ಹೊತ್ತಿಗೆ ಕಾಯಿ ಕೊಡುತ್ತದೆ. ಇಲ್ಲಿನವರು ಗಣಪನ ಮೇಲೆ ಹಣ್ಣು-ಕಾಯಿ ತೂಗಹಾಕುವ ಮಾಟೋಳಿ ಕಟ್ಟುತ್ತಾರೆ, ನಮ್ಮ ಉತ್ತರ ಕನ್ನಡದ ಫಲಾವಳಿಯಂತೆಯೇ. ನೆರೆಮನೆಯವರು ಪ್ರತಿ ವರ್ಷ ಬಂದು ಎಳೆ ಹೀರೆಕಾಯಿ, ಹಾಗಲಕಾಯಿ ಒಯ್ಯುತ್ತಾರೆ. ಸೀಳಿದ ಹಲಗೆಯ ಮಾತು ಈಗ ಅವರ ಬಾಯಲ್ಲಿ ಬರುವುದಿಲ್ಲ.

ಬೇಲಿಯ ಬುಡದಲ್ಲಿ ಜೂನ್‌ನಲ್ಲಿ ತಾನಾಗಿಯೇ ಏಳುವ ಚಗಟೆ ಸೊಪ್ಪನ್ನು ಕಳೆ ಎಂದು ಕಿತ್ತೆಸೆಯುವ ಮುನ್ನ ನೆನಪಿಡಿ: ಇಲ್ಲಿ ಅದು ‘ತಾಯ್ಕಿಳೊ’, ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಸೊಪ್ಪು. ಎಳೆಯದಿದ್ದಾಗ ಪಲ್ಯಕ್ಕೆ ಒಳ್ಳೆಯದು.

ಮಣ್ಣು ಯಾವುದು? ಹಿತ್ತಲ ಕೆಂಪು ಮಣ್ಣೇ ಸಾಲದೇ?

ನೆಲದ ಮಡಿಗೆ ಸಾಕು, ಗೊಬ್ಬರ ಸೇರಿಸಿ. ತೂಗುವ ಕುಂಡಕ್ಕೆ ಬರಿಯ ಕೆಂಪು ಮಣ್ಣು ಬೇಡ. ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು. ನಾನು ಬಳಸುವ ಅಳತೆ: ತೆಂಗಿನ ನಾರಿನ ಪುಡಿ ನಾಲ್ಕು ಪಾಲು, ಎರೆಗೊಬ್ಬರ ಮೂರು ಪಾಲು, ಕೆಂಪು ಮಣ್ಣು ಎರಡು ಪಾಲು, ಇದ್ದಿಲ ಚೂರು ಇಲ್ಲವೇ ಸುಟ್ಟ ಭತ್ತದ ಹೊಟ್ಟು ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು. ಬಕೆಟಿನಲ್ಲಿ ನೆನೆಸಿ, ನೀರು ಬಸಿದು, ಇನ್ನೆರಡು ಸಲ ಹಾಗೆಯೇ ತೊಳೆಯದೆ ಬಳಸಬೇಡಿ. ಎಲೆಯ ಅಂಚು ಕಂದಾಗಿ ಸುಟ್ಟಂತಾದರೆ ಹಲವು ಸಲ ಈ ಉಪ್ಪೇ ಕಾರಣ.

ನೀರು ಹಾಕುವುದೇ ದೊಡ್ಡ ಕೆಲಸವಂತೆ, ನಿಜವೇ?

ನಿಜ. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಸಾಲಿಗೆ ದಿನಕ್ಕೆ ಎರಡು ಸಲ ನೀರು ಬೇಕಾಗುತ್ತದೆ. ಮೇಲಿನ ಸಾಲು ಬೇಗ ಒಣಗುತ್ತದೆ, ಅಲ್ಲಿಂದ ಇಳಿದ ನೀರು ಕೆಳಗಿನ ಸಾಲನ್ನು ಸದಾ ಒದ್ದೆಯಾಗಿಡುತ್ತದೆ. ಗಿಡ ಆರಿಸುವಾಗಲೇ ಇದನ್ನು ಬಳಸಿಕೊಳ್ಳಿ: ಮೇಲೆ ಬಾಯಾರಿಕೆ ತಡೆಯುವವು, ಕೆಳಗೆ ಪುದೀನ, ಒಂದೆಲಗ, ಹೊನಗೊನ್ನೆಯಂಥ ಒದ್ದೆ ಬಯಸುವವು. ಒಂದೆಲಗದ ತಂಬುಳಿಗೆ ಕೆಳಗಿನ ಒಂದು ಸಾಲು ಧಾರಾಳ ಸಾಕು.

ಹನಿ ನೀರಾವರಿ ಹಾಕಿಸುವುದಾದರೆ ಒಂದು ತಿಳಿದಿರಲಿ. ಒಂದು ಮೀಟರ್ ಎತ್ತರದ ಡ್ರಮ್ಮಿನಿಂದ ಸಿಗುವ ಒತ್ತಡ ಒಂದು ‘ಬಾರ್’ನ (ಒತ್ತಡ ಅಳೆಯುವ ಮಾನ) ಹತ್ತನೇ ಒಂದು ಭಾಗ ಮಾತ್ರ. ಅದಕ್ಕೆ ಒಳ್ಳೆಯ ಡ್ರಿಪ್ಪರುಗಳು ಬಾಯಿ ತೆರೆಯುವುದೇ ಇಲ್ಲ. ತಾರಸಿಯ ಟ್ಯಾಂಕಿನಿಂದ ಪೈಪು ಎಳೆಯಿರಿ, ಕೈಯಿಂದ ತಿರುಗಿಸಿ ಹೊಂದಿಸುವ ಸಾದಾ ಡ್ರಿಪ್ಪರ್ ಹಾಕಿ. ಬಾವಿಯ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಕೆಂಪು ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಒಂದು ಜಾಲರಿ ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿಡಿ. ಸಮುದ್ರದ ಹತ್ತಿರದ ಬಾವಿಯಾದರೆ ಮೇ ತಿಂಗಳಲ್ಲಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಉಪ್ಪೆನಿಸಿದರೆ ಗಿಡಕ್ಕೂ ಅದು ಉಪ್ಪೇ.

ಹದಿನೈದು ದಿನ ಊರಿಗೆ ಹೋದರೆ?

ಟೈಮರ್ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಕುಂಡಗಳನ್ನೆಲ್ಲ ಇಳಿಸಿ ನೆರಳಲ್ಲಿ ಒತ್ತೊತ್ತಾಗಿ ಇಟ್ಟು ನೆರೆಯವರಿಗೆ ಬೀಗದ ಕೈ ಕೊಡಿ. ಕೊಕ್ಕೆಯ ಇನ್ನೊಂದು ಉಪಯೋಗ.

ಅಡುಗೆಗೆ ಆಗುವಂಥದ್ದೇ ಬೇಕು, ಅಲಂಕಾರ ಬೇಡ. ಏನು ನೆಡಬೇಕು?

ಬಸಳೆಯೇ ಮೊದಲು. ತುಂಡು ಊರಿದರೆ ಬದುಕುತ್ತದೆ, ಜಾಲರಿಗೆ ತಾನೇ ಸುತ್ತಿಕೊಳ್ಳುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಸಿಗಡಿ ಹಾಕಿ ಮಾಡುವವರಿಗೂ ಹಲಸಿನ ಬೀಜ ಹಾಕಿ ಮಾಡುವವರಿಗೂ ಅದು ಸಮಾನ. ಅದರ ಪಕ್ಕ ತೊಂಡೆ: ಒಮ್ಮೆ ನೆಟ್ಟರೆ ವರ್ಷಗಟ್ಟಲೆ. ಆದರೆ ತೊಂಡೆ ಬಳ್ಳಿಗೆ ಮರ್ಯಾದೆಯಿಲ್ಲ, ಕತ್ತರಿಸದೆ ಬಿಟ್ಟರೆ ನೆರೆಯ ಮಾವಿನ ಮರ ಹತ್ತುತ್ತದೆ. ಚಳಿಗಾಲಕ್ಕೆ ಅಲಸಂದೆ, ಅವರೆ. ಹರಿವೆ ಬೇಕೆಂದರೆ ಬುಡದ ಮಡಿಯಲ್ಲಿ. ಇಲ್ಲಿನವರ ‘ತಾಂಬಡಿ ಭಾಜಿ’ ಅದೇ ಕೆಂಪು ಹರಿವೆ. ಕಾಳುಮೆಣಸು ಚಿರೆಕಲ್ಲನ್ನು ಬೇರಿನಿಂದ ಹಿಡಿದು ಏರುತ್ತದೆ, ಉತ್ತರಮುಖದ ಅರೆನೆರಳು ಅದಕ್ಕೆ ಹಿಡಿಸುತ್ತದೆ.

ಟೊಮೆಟೊ, ಬದನೆಯನ್ನು ತೂಗುವ ಚೀಲದಲ್ಲಿ ಬೆಳೆಯಬಹುದು ಎನ್ನುವವರಿದ್ದಾರೆ. ಮೂರು ಲೀಟರ್ ಮಣ್ಣಿನಲ್ಲಿ ಗಿಡ ಬದುಕುತ್ತದೆ, ಸಂಸಾರಕ್ಕೆ ಆಗುವಷ್ಟು ಕಾಯಿ ಬಿಡುವುದಿಲ್ಲ.

ಹೂವು ಕೇಳುವವರಿಗೆ ಅಬ್ಬಲಿಗೆ ನೆಡಿ ಎನ್ನುತ್ತೇನೆ. ಗೋವಾದ ಹೆಂಗಸರಿಗೆ ‘ಅಬೊಲಿ’ ಎಂದರೆ ನಮ್ಮಷ್ಟೇ ಮೋಹ. ಮಾತು ಬೆಳೆಸಲು ಒಳ್ಳೆಯ ಗಿಡ.

ಸಸಿ ಎಲ್ಲಿ ಸಿಗುತ್ತದೆ?

ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಮಳೆಗಾಲದ ಆರಂಭಕ್ಕೆ ತರಕಾರಿ ಸಸಿ, ಬೀಜ ಬರುತ್ತವೆ. ಓಲ್ಡ್ ಗೋವಾದ ಎಲಾದಲ್ಲಿ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ. ಬಸಳೆ, ವೀಳ್ಯ, ದೊಡ್ಡಪತ್ರೆಗೆ ದುಡ್ಡು ಕೊಡಬೇಡಿ. ಯಾರ ಮನೆಯಲ್ಲಾದರೂ ಒಂದು ಕಡ್ಡಿ ಕೇಳಿದರೆ ಆಯಿತು.

ಬಸವನಹುಳುಗಳ ಕಾಟ ತಡೆಯಲಾಗುತ್ತಿಲ್ಲ!

ಅಂಗೈ ತುಂಬುವ ಆಫ್ರಿಕನ್ ಬಸವನಹುಳು ತಾನೇ? ಹಗಲು ಚೌಕಟ್ಟಿನ ಹಿಂದೆ ಅಡಗಿ ರಾತ್ರಿ ಒಂದು ಸಾಲು ಸಸಿಯನ್ನೇ ನುಣ್ಣಗೆ ಮಾಡುತ್ತದೆ. ಉಪ್ಪು ಎರಚಬೇಡಿ, ಮಡಿ ಹಾಳಾಗುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ರಾತ್ರಿ ಒಂಬತ್ತರ ಮೇಲೆ ಬ್ಯಾಟರಿ ಹಿಡಿದು ಹೋಗಿ. ಕೈಗವಸು ಹಾಕಿಯೇ ಹೆಕ್ಕಿ. ಈ ಹುಳು ಮನುಷ್ಯರಿಗೂ ರೋಗ ತರುವ ಪರೋಪಜೀವಿಯನ್ನು ಹೊತ್ತಿರಬಹುದು. ಆ ತಿಂಗಳುಗಳಲ್ಲಿ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ, ತೊಳೆದು ಬೇಯಿಸಿ.

ಹಿಟ್ಟು ತಿಗಣೆಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸಂಜೆಯೇ ಸಿಂಪಡಿಸಿ, ಬಿಸಿಲಲ್ಲಿ ಎಲೆ ಸುಡುತ್ತದೆ.

ಸೊಳ್ಳೆ ಹೆಚ್ಚುತ್ತದೆ, ಹಾವು ಬರುತ್ತದೆ ಎಂದು ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ.

ಸೊಳ್ಳೆಯ ಮಾತು ಸರಿ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದು ನಿಂತ ತಿಳಿನೀರು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರದಿಂದ ಹತ್ತು ದಿನ. ಕುಂಡದ ಕೆಳಗೆ ತಟ್ಟೆ ಇಡಲೇಬೇಡಿ, ಪೈಪಿನ ತುದಿಯಲ್ಲಿ ನೀರು ನಿಲ್ಲದಂತೆ ತೂತು ಕೊರೆಯಿರಿ, ವಾರಕ್ಕೊಮ್ಮೆ ಒಂದು ಸುತ್ತು ನೋಡಿ.

ಹಾವು ಬರುವುದು ಇಲಿ ಕಪ್ಪೆಗಳನ್ನು ಹುಡುಕಿಕೊಂಡು. ನೆಲದಿಂದ ಒಂದಡಿಯವರೆಗೆ ಎಲೆ ಕತ್ತರಿಸಿ ಬುಡ ಕಾಣುವಂತಿಡಿ, ಕಟ್ಟಿಗೆ ರಾಶಿ, ಹೆಂಚಿನ ರಾಶಿಯನ್ನು ಬೇಲಿಗೆ ಒರಗಿಸಬೇಡಿ. ಕತ್ತಲಾದ ಮೇಲೆ ಬರಿಗೈಯನ್ನು ಎಲೆಗಳೊಳಗೆ ತೂರಿಸಬೇಡಿ. ಹಾವು ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಕೋಲು ಹಿಡಿಯಬೇಡಿ.

ಚಿಕ್ಕ ಮಕ್ಕಳು, ನಾಯಿ ಇರುವ ಮನೆಯಲ್ಲಿ ಮನಿಪ್ಲಾಂಟನ್ನು ಕೈಗೆಟುಕದಂತೆ ಮೇಲಿಡಿ. ಅದರ ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ನಾವಿರುವುದು ಬಾಡಿಗೆ ಮನೆ. ಮಾಡಬಹುದೇ?

ಗೋಡೆ ಮುಟ್ಟದ, ಬಿಚ್ಚಿ ಒಯ್ಯಬಹುದಾದ ಚೌಕಟ್ಟಾದರೆ ಮಾಡಬಹುದು. ಕಾಲನ್ನು ನೆಲದಲ್ಲಿ ಹೂಳುವ ಬದಲು ಮಣ್ಣು ತುಂಬಿದ ಎರಡು ಡಬ್ಬಿಗಳಲ್ಲಿ ನಿಲ್ಲಿಸಿ, ಎತ್ತರ ನಾಲ್ಕಡಿ ದಾಟದಿರಲಿ. ಮನೆಯ ಮಾಲೀಕರಿಗೆ ಮೊದಲೇ ಹೇಳಿ. ಬಳ್ಳಿ ಗಡಿ ದಾಟುವಂತಿದ್ದರೆ ನೆರೆಯವರಿಗೂ ಹೇಳಿ; ಹೇಳದೆ ಮಾಡಿದ್ದರ ಫಲ ಮೇಲೆ ಬರೆದಿದ್ದೇನೆ.

ಯಾವಾಗ ಆರಂಭಿಸುವುದು ಒಳ್ಳೆಯದು?

ಎಲ್ಲರೂ ಹುರುಪಿನಿಂದ ಜೂನ್‌ನಲ್ಲಿ ಆರಂಭಿಸುತ್ತಾರೆ. ಬಳ್ಳಿಗೆ ಅದು ಸರಿ, ಕುಂಡಗಳ ಚೌಕಟ್ಟಿಗೆ ತಪ್ಪು. ದಸರೆಯ ಸುಮಾರಿಗೆ, ಮಳೆ ಹಿಂದೆ ಸರಿದ ಮೇಲೆ ಗುಂಡಿ ತೋಡಿ ಚೌಕಟ್ಟು ನಿಲ್ಲಿಸಿ. ನೆಲ ಇನ್ನೂ ಮೆತ್ತಗಿರುತ್ತದೆ, ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುತ್ತದೆ. ದೀಪಾವಳಿಗೆ ಮೊದಲ ಸಾಲು ಕುಂಡ ತೂಗಹಾಕಿ. ಒಂದೇ ಸಾಲು, ಹತ್ತು ಕುಂಡ. ಅವು ಬರುವ ಮೇ ತಿಂಗಳನ್ನು ದಾಟಿದರೆ ಮುಂದಿನ ದಸರೆಗೆ ಎರಡನೆಯ ಸಾಲಿನ ಮಾತು ತೆಗೆಯೋಣ.